ಕೆರೆಯ ತಳದ ಕಲ್ಲು

ನಮ್ಮ ಮಾವಯ್ಯ ಬೆಳ್ಳಪ್ಪನವರ ಎಡಗೈ ಏನು ಹೇಳುತ್ತದೆ ಎಂಬುದು ಈ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಮಗ ಶಿವರಾಮ, ಅಂದರೆ ನನ್ನ ಯಜಮಾನರು, ಅಪ್ಪನ ಮುಂದೆ ಕೂತು ಎರಡು ದಿನ ‘ಎಂತ ಬೇಕು, ಎಂತ ಬೇಕು’ ಎಂದು ಕೇಳಿದರು. ಮೂರನೇ ದಿನ ತಲೆ ಕೆರೆದುಕೊಂಡು ಎದ್ದು ಹೋದರು. ಉಳಿದವಳು ನಾನು. ಹೆಬ್ಬೆರಳನ್ನು ತುಟಿಗೆ ತಾಗಿಸಿದರೆ ಚಾ ಬೇಕು. ತೊಡೆಗೆ ಎರಡು ಸಲ ಬಡಿದರೆ ಹಿತ್ತಲಿಗೆ ಕರೆದುಕೊಂಡು ಹೋಗಬೇಕು. ಅನ್ನ ಬಡಿಸುವಾಗ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಒತ್ತಿದರೆ ಸಾಕು ಎಂದರ್ಥ. ಹೀಗೆ ಒಂದೊಂದಾಗಿ ನಲವತ್ತು ಮಾತು ಕಲಿತೆ.

ನನ್ನ ಬಾಯಿ ಜೋರು. ಊರೇ ಹೇಳುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ. ಮಾವಯ್ಯನ ಮೇಲೂ ದಿನಕ್ಕೆ ಹತ್ತು ಸಲ ರೇಗಿದ್ದೇನೆ. ‘ನಿಮ್ಮ ಹಟ ಸುಡ್ಲಿ’ ಎಂದೂ ಅಂದಿದ್ದೇನೆ. ಆದರೆ ಅವರ ಕೈ ಹೇಳಿದ್ದನ್ನು ತಿರುಚಿ ಬೇರೆಯವರಿಗೆ ಹೇಳಿದ್ದು ಒಂದೇ ಸಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಮ್ಮೂರು ರಿಪ್ಪನ್‌ಪೇಟೆಯಿಂದ ಒಳಗೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಊರ ತಲೆಯ ಮೇಲೆ ಮೂರೆಕರೆ ಕೆರೆ, ಕೆಳಗೆ ಗದ್ದೆ ಬಯಲು. ಬಯಲಿನ ತೀರಾ ತುದಿಯ ಗದ್ದೆ ನಮ್ಮದು. ಕೆರೆಯ ಅಂಚಿನುದ್ದಕ್ಕೂ ಕೇದಿಗೆ ಮುಳ್ಳಿನ ಹಿಂಡು, ಅದರೊಳಗೆ ಮೊಳದ ನೀರಿನಲ್ಲಿ ಜೊಂಡು, ನೈದಿಲೆ. ನೀರುಕೋಳಿ ಅಲ್ಲೇ ಮರಿ ಮಾಡುತ್ತಿತ್ತು. ಮೊದಲ ಮಳೆಗೆ ಮೀನು ಮೊಟ್ಟೆಯಿಡಲು ಹತ್ತುತ್ತಿದ್ದದ್ದೂ ಅಲ್ಲಿಂದಲೇ.

ನಾನು ಮದುವೆಯಾಗಿ ಬಂದ ವರ್ಷ ಕೆರೆಗೆಲಸ ಇನ್ನೂ ನಡೆಯುತ್ತಿತ್ತು. ಬೇಸಿಗೆಯಲ್ಲಿ ತಳ ಕಾಣುವ ಹೊತ್ತಿಗೆ ಮನೆಗೊಬ್ಬರು ಬರಬೇಕು. ಗಂಡಸರು ಹೂಳು ಕಡಿದು ಬುಟ್ಟಿಗೆ ತುಂಬಿಸುವುದು, ಹೆಂಗಸರು ಹೊತ್ತು ಗದ್ದೆಗೆ ಸುರಿಯುವುದು. ಮಾವಯ್ಯ ಮಾತ್ರ ಒಂದು ಗುದ್ದಲಿ ಹಾಕುತ್ತಿರಲಿಲ್ಲ. ಹಾರೆ ಹಿಡಿದು ಕೆರೆಯ ನಡುವೆ ನಿಂತು ಅಲ್ಲಿಷ್ಟು ಇಲ್ಲಿಷ್ಟು ಕುಟ್ಟುತ್ತಿದ್ದರು. ಇವರೊಬ್ಬರು ದೊಡ್ಡ ಮನುಷ್ಯ, ಮೈ ಬಗ್ಗುವುದಿಲ್ಲ ಎಂದು ಹೊಸ ಸೊಸೆಯಾದ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಮೂರನೇ ದಿನ ಹಾರೆಗೆ ಏನೋ ತಾಗಿ ಠಣ್ ಎಂದಿತು. ಮಾವಯ್ಯ ತಲೆಯೆತ್ತಿ, “ಸಾಕು, ಮೇಲೆ ಬನ್ನಿ” ಎಂದು ಕೂಗಿದರು. ಅಷ್ಟೇ. ಅರ್ಧ ತುಂಬಿದ ಬುಟ್ಟಿಯನ್ನೂ ಹಾಗೇ ಮಗುಚಿ ಎಲ್ಲರೂ ಕೆರೆಯ ಏರಿಗೆ ಹತ್ತಿದರು.

ರಾತ್ರಿ ಊಟಕ್ಕೆ ಬಡಿಸುವಾಗ, ಯಾಕೆ ಅಷ್ಟಕ್ಕೇ ನಿಲ್ಲಿಸಿದಿರಿ, ಇನ್ನೊಂದಾಳುದ್ದ ತೆಗೆದಿದ್ದರೆ ತುದಿ ಗದ್ದೆಗೂ ನೀರು ಬರುತ್ತಿತ್ತಲ್ಲ ಎಂದು ಕೇಳಿದೆ.

“ಕೆಳಗೆ ಜೇಡಿ ಇದೆ ಮಗಾ, ನೀಲಿ ಜೇಡಿ. ನೀರು ನಿಲ್ಲೂದು ಅದ್ರ ಮೇಲೆ. ಅದ್ರ ಅಡಿಗೆ ಬರೀ ಕೆಂಪು ಜಂಬಿಟ್ಟಿಗೆ ಕಲ್ಲು, ಮೈಯೆಲ್ಲ ತೂತು. ಎಲ್ಲಿಗೆ ನಿಲ್ಸಬೇಕು ಅಂತ ಹಿಂದಿನೋರು ಗುರ್ತು ಇಟ್ಟಿದಾರೆ” ಎಂದಿದ್ದರು.

ನಾನು ಒಂದು ಕಿವಿಯಲ್ಲಿ ಕೇಳಿದೆ. ಬುಟ್ಟಿ ಹೊತ್ತು ಕತ್ತು ನೋಯುತ್ತಿತ್ತು.

ಆಮೇಲೆ ಕೆರೆಗೆಲಸ ನಿಂತಿತು. ಒಂದು ವರ್ಷ ಆಳು ಬರಲಿಲ್ಲ, ಮರುವರ್ಷ ನಾಲ್ಕು ಮನೆಯವರು ಬಂದರು, ಅದರಾಚೆ ಯಾರೂ ಇಲ್ಲ. ಇಪ್ಪತ್ತು ವರ್ಷದ ಹೂಳು ಕೂತು ಕೆರೆ ತಟ್ಟೆಯ ಹಾಗಾಯಿತು. ಡಿಸೆಂಬರ್ ದಾಟಿದರೆ ನಮ್ಮ ಗದ್ದೆಗೆ ಹನಿ ನೀರಿಲ್ಲ. ತೂಬಿನ ಹತ್ತಿರ ನಿಂತು ಯಾರ್‍ಯಾರ ಹತ್ತಿರ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಶಿವರಾಮ ಕೆರೆ ಸಮಿತಿಯ ಅಧ್ಯಕ್ಷರಾಗಿ ಹೂಳೆತ್ತುವ ಕೆಲಸ ಮಂಜೂರು ಮಾಡಿಸಿಕೊಂಡು ಬಂದಾಗ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಹೋದ ವರ್ಷ ಏಪ್ರಿಲ್‌ನಲ್ಲಿ ಜೆಸಿಬಿ ಇಳಿಯಿತು. ಮೊದಲ ದಿನವೇ ಅಂಚಿನ ಕೇದಿಗೆ, ಜೊಂಡು ಎಲ್ಲ ಕಿತ್ತು ಗುಡ್ಡೆ ಹಾಕಿತು. ಏರಿಯಿಂದ ನೋಡಿದರೆ ಕೆರೆ ಬೋಳಿಸಿದ ತಲೆಯ ಹಾಗಿತ್ತು. ನನಗೆ ಆಗ ಅದೂ ಚೆಂದವೇ ಕಂಡಿತು.

ಮಾವಯ್ಯನಿಗೆ ಮಷಿನ್ನಿನ ಸದ್ದು ಕೇಳಿದ್ದೇ ತಡ, ಮಂಚ ಬಡಿಯಲಿಕ್ಕೆ ಶುರು. ನಾಲ್ಕನೇ ದಿನ ಬೆಳಿಗ್ಗೆಯಂತೂ ಗಂಜಿ ಬಟ್ಟಲು ಎಸೆದರು, ಎರಡು ಸಲ ಹಾಸಿಗೆ ಒದ್ದೆ ಮಾಡಿದರು, ಪಂಚೆ ಉಡಿಸಲು ಹೋದರೆ ನನ್ನ ಕೆನ್ನೆಗೇ ಬಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. “ನಡೀರಿ, ನೋಡ್ಕೊಂಡೇ ಬಿಡಿ ನಿಮ್ ಕೆರೆ” ಎಂದು ಗಾಲಿಕುರ್ಚಿಯಲ್ಲಿ ಕೂರಿಸಿ ದಬ್ಬಿಕೊಂಡು ಹೋಗಿ ಏರಿಯ ಮೇಲಿನ ನೇರಳೆ ಮರದಡಿ ನಿಲ್ಲಿಸಿದೆ. ನನ್ನ ಹೊಟ್ಟೆಗೆ ಆಗಿನ್ನೂ ಏನೂ ಬಿದ್ದಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಮಷಿನ್ನಿನ ಬಕೆಟ್ಟಿಗೆ ಕಲ್ಲು ತಾಗಿತು. ಮೊಳದುದ್ದದ ಕರಿಕಲ್ಲು, ನುಣ್ಣಗೆ ದುಂಡಗೆ ಇತ್ತು. ನೆತ್ತಿಯ ಮೇಲೆ ಬೊಗಸೆಯಂಥ ಒಂದು ಗುಳಿ. ಬುಡಕ್ಕೆ ನೀಲಿ ಜೇಡಿ ಮೆತ್ತಿಕೊಂಡಿತ್ತು.

ಪಕ್ಕದ ಮನೆಯ ಕೆರಿಯಮ್ಮಜ್ಜಿ ಕೋಲು ಬಿಸಾಡಿ ನೆಲಕ್ಕೆ ಬಿದ್ದಳು. “ಅಯ್ಯೋ ನನ್ ತಾಯೀ! ಕೆರೆಚೌಡಿ! ಕೆರೆ ಹೊಟ್ಟೇಲಿ ಚೌಡಿ ಕೂತಾಳೆ ಅಂತ ನಮ್ಮಜ್ಜಿ ಹೇಳ್ತಿದ್ಲು. ಎದ್ ಬಂದ್ಲಲ್ರೋ!”

ಮಷಿನ್ ನಿಂತಿತು. ಅರ್ಧ ಗಂಟೆಯೊಳಗೆ ಇಡೀ ಊರು ಏರಿಯ ಮೇಲೆ. ಕಲ್ಲನ್ನು ಏರಿಗೆ ಹೊತ್ತು ತಂದು ನೀರೆರೆದರು, ಗುಳಿಯಲ್ಲಿ ಕುಂಕುಮ ತುಂಬಿದರು. ಕುಂಕುಮ ಇಡಲಿಕ್ಕೆಂದೇ ತಾಯಿ ಜಾಗ ಮಾಡಿಕೊಂಡಿದ್ದಾಳೆ ಎಂದು ಯಾರೋ ಹೇಳಿದರು. ಆ ಗುಳಿಯನ್ನು ನೋಡಿದಾಗ ನನ್ನ ಕಿವಿಯಲ್ಲಿ ಠಣ್ ಎಂದಿತು. ತಲೆತಲಾಂತರದಿಂದ ಹಾರೆ ಬಿದ್ದು ಬಿದ್ದು ಸವೆದ ಗುಳಿ ಅದು.

ಅಷ್ಟರಲ್ಲಿ ಮಾವಯ್ಯ ಕುರ್ಚಿಯಿಂದ ಜಾರಿ ಕಲ್ಲಿನ ಕಡೆ ತೆವಳುತ್ತಿದ್ದರು. ಬಾಯಿಂದ ಗೊರಗೊರ ಸದ್ದು, ಕಣ್ಣಲ್ಲಿ ನೀರು. “ಬೆಳ್ಳಪ್ಪನ ಮೈಮೇಲೆ ಬಂದ್ಲು!” ಎಂದು ಜನ ಕೈ ಮುಗಿದರು. ಮಾವಯ್ಯ ಬುಡದ ಜೇಡಿಯನ್ನು ಉಗುರಿನಿಂದ ಕೆರೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಒತ್ತಿದರು. ಬಿಟ್ಟು ಮತ್ತೆ ಒತ್ತಿದರು. ದಿನಾ ಊಟದ ಹೊತ್ತಿಗೆ ಒತ್ತುವ ಹಾಗೆಯೇ, ಆದರೆ ಮೂಳೆ ನೋಯುವಷ್ಟು.

“ಎಂತ ಹೇಳ್ತಾರೆ ಅಪ್ಪ?” ಎಂದು ಶಿವರಾಮ ಕೇಳಿದರು. ಊರು ಪೂರಾ ನನ್ನ ಬಾಯಿ ನೋಡುತ್ತಿತ್ತು.

ನನಗೆ ಗೊತ್ತಿತ್ತು. ಅನುಮಾನ ಇತ್ತು, ಗಡಿಬಿಡಿಯಲ್ಲಿ ತಿಳಿಯಲಿಲ್ಲ ಎಂದೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಸಾಕು ಅಂದರೆ ಸಾಕು, ಅದರಲ್ಲಿ ತಿಳಿಯದೇ ಇರಲು ಏನಿದೆ? ಆದರೆ ಕೆನ್ನೆ ಇನ್ನೂ ಉರಿಯುತ್ತಿತ್ತು. ಬದುಕಿಡೀ ಈ ಮನುಷ್ಯ ಸಾಕು ಸಾಕು ಎಂದೇ ನಮ್ಮ ತುದಿ ಗದ್ದೆ ಒಣಗಿಸಿದರು ಅನ್ನಿಸಿತು. ಇನ್ನು ಮೂರು ದಿನ ಮಷಿನ್ ಇದ್ದರೆ ಕೆರೆ ಎರಡಾಳು ಆಳವಾಗುತ್ತದೆ. ಇವರ ಹಟಕ್ಕೆ ಈಗಲೂ ಬಿಟ್ಟುಕೊಡಬೇಕೇ?

“ತಾಯೀನ ಏರಿ ಮೇಲೆ ಕೂರಿಸಿ, ಇನ್ನೂ ಆಳಕ್ಕೆ ಅಗೀರಿ ಅಂತಿದಾರೆ” ಎಂದೆ.

ಜನ ಹೋ ಎಂದರು. ಮಾವಯ್ಯನ ಬಾಯಿ ಹೋಗಿದೆ, ಕಿವಿ ಹೋಗಿಲ್ಲ. ನನ್ನ ಮುಖವನ್ನೇ ನೋಡಿದರು. ಹಿಡಿದಿದ್ದ ಕೈ ನಿಧಾನಕ್ಕೆ ಸಡಿಲವಾಯಿತು.

ಎರಡು ದಿನದಲ್ಲಿ ಬಕೆಟ್ಟಿಗೆ ನೀಲಿ ಮಣ್ಣಿನ ಬದಲು ಕೆಂಪು ಮಣ್ಣು ಬಂತು. ಜಂಬಿಟ್ಟಿಗೆಯ ಚೂರುಗಳೂ ಬಂದವು. ಮಷಿನ್ ಮೊದಲು ಹಿಡಿದ ಪೂರ್ವದ ಅರ್ಧ ಮುಗಿಯುವಷ್ಟರಲ್ಲಿ ಮಳೆ ಶುರುವಾಯಿತು, ಪಶ್ಚಿಮದ ಅರ್ಧ ಹಾಗೇ ಉಳಿಯಿತು.

ಅವತ್ತಿನಿಂದ ಮಾವಯ್ಯ ನನಗೆ ಒಂದು ಸನ್ನೆಯನ್ನೂ ಮಾಡಲಿಲ್ಲ. ಚಾ ಬೇಕೆನ್ನಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗು ಎನ್ನಲಿಲ್ಲ, ಮಲಗಿದಲ್ಲೇ ಆಗುತ್ತಿತ್ತು. ಅನ್ನ ಬಡಿಸಿದರೆ ಸಾಕೆನ್ನುತ್ತಿರಲಿಲ್ಲ. ಒಂದು ದಿನ ಹಟಕ್ಕೆ ಬಿದ್ದು ಬಡಿಸುತ್ತಲೇ ಹೋದೆ. ಅನ್ನ ತಟ್ಟೆ ತುಂಬಿ ನೆಲಕ್ಕೆ ಬಿತ್ತು. ಅವರು ಗೋಡೆ ನೋಡುತ್ತ ಕೂತಿದ್ದರು. “ಬೈರಿ ಮಾವಯ್ಯ, ಇನ್ನೊಂದ್ಸಲ ಹೊಡೀರಿ ಬೇಕಾದ್ರೆ” ಎಂದು ಅತ್ತುಬಿಟ್ಟೆ. ಏನೂ ಮಾಡಲಿಲ್ಲ.

ಆಗಸ್ಟಿನಲ್ಲಿ ಕೆರೆ ಕೋಡಿ ಬಿತ್ತು. ಅಷ್ಟು ನೀರನ್ನು ನಾನು ಕಂಡೇ ಇರಲಿಲ್ಲ. ಸಾಗರದಿಂದ, ತೀರ್ಥಹಳ್ಳಿಯಿಂದ ಜನ ಕೆರೆ ನೋಡಲು ಬಂದರು. ಶಿವರಾಮನಿಗೆ ಶಾಲು ಹೊದೆಸಿದರು. ಏರಿಯ ಮೇಲೆ ಚೌಡಿಗೆ ತಗಡಿನ ಗುಡಿಯಾಯಿತು. ಮಕ್ಕಳಿಲ್ಲದ ಪೂರ್ಣೇಶನ ಹೆಂಡತಿ ಹರಕೆ ಹೊತ್ತಳು, ನವರಾತ್ರಿಯ ಹೊತ್ತಿಗೆ ಅವಳಿಗೆ ದಿನ ನಿಂತಿತು. ಅಲ್ಲಿಗೆ ಚೌಡಿ ಗಟ್ಟಿಯಾಗಿ ಕೂತಳು.

ನವೆಂಬರಿನಲ್ಲಿ ಯಾರೂ ತೂಬು ಎತ್ತದೆ ನೀರು ದಿನಕ್ಕೊಂದು ಗೇಣು ಇಳಿಯತೊಡಗಿತು. ಏಡಿ ಬಿಲ ಇರಬೇಕು ಎಂದು ಏರಿ ಹುಡುಕಿದರು. ತೂಬಿಗೆ ಸಿಮೆಂಟ್ ಮೆತ್ತಿದರು. ಕೆಳಗಿನವರು ಕದ್ದು ಪಂಪ್ ಇಟ್ಟಿದ್ದಾರೆ ಎಂದು ಹೊಡೆದಾಟವೂ ಆಯಿತು. ನಾನು ಬಾಯಿ ಬಿಡಲಿಲ್ಲ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಪೂರ್ವದ ಗುಂಡಿಯಲ್ಲಿ ಉಳಿದ ಕೆಸರಿನಲ್ಲಿ ಮೀನು ಬಾಯಿ ಬಾಯಿ ಬಿಡುತ್ತಿದ್ದವು. ನೆರಳಿಗೆ ಒಂದು ಜೊಂಡಿನ ಕಡ್ಡಿಯಿರಲಿಲ್ಲ. ನೀರುಕೋಳಿ ಎಲ್ಲಿ ಹೋದವೋ. ಎರಡು ವಾರ ಊರಿಡೀ ಕೊಳೆತ ವಾಸನೆ. ಫೆಬ್ರವರಿಯಲ್ಲಿ ಕೆರೆಯ ಕೆಳಗಿನ ಏಳು ಬಾವಿಗಳೂ ಒಣಗಿ, ನಮ್ಮೂರಿಗೆ ಮೊದಲ ಸಲ ನೀರಿನ ಟ್ಯಾಂಕರ್ ಬಂತು.

ನಾನೇ ಫೋನ್ ಮಾಡಿ ಜಯಕೀರ್ತಿಯವರನ್ನು ಕರೆಸಿದೆ. ಹುಂಚದ ಕಡೆಯ ಜೈನರು, ಎಪ್ಪತ್ತು ದಾಟಿದವರು. ಸುತ್ತಲಿನ ತಾಲ್ಲೂಕುಗಳಲ್ಲಿ ಹಳೆಯ ಕೆರೆಗಳನ್ನು ಸರಿಮಾಡಿಸಿದವರು. ಅವರು ಒಂದು ಕೊಡ ನೀರು ತರಿಸಿ ಪೂರ್ವದ ಗುಂಡಿಯಲ್ಲಿ ಸುರಿದರು. ಸುರಿದ ಹಾಗೇ ಇಂಗಿತು. ಪಶ್ಚಿಮದಲ್ಲಿ ಹೂಳನ್ನು ಬಿಡಿಸಿ ನೀಲಿ ಜೇಡಿಯ ಮೇಲೆ ಇನ್ನೊಂದು ಕೊಡ ಸುರಿದರು. ನಾವು ಎಲೆ ಅಡಿಕೆ ಹಾಕಿ ಮುಗಿಸುವವರೆಗೂ ನೀರು ಹಾಗೇ ನಿಂತಿತ್ತು.

“ಈ ಅರ್ಧಕ್ಕೆ ಇನ್ನೂ ಜೀವ ಇದೆ ಸುಚಿತ್ರಮ್ಮ” ಎಂದರು. “ನಡುವೆ ಒಂದು ಒಡ್ಡು ಹಾಕಿ. ಆ ಕಡೆಗೆ ಜೇಡಿ ತಂದು ಹಾಸಿ, ನೀರು ಬಿಟ್ಟು ಎಮ್ಮೆ ಕಟ್ಟಿ ತುಳಿಸಬೇಕು. ಅಂಚಿಗೆ ಜೊಂಡು, ಕೇದಿಗೆ ಮತ್ತೆ ನೆಡಬೇಕು. ಹತ್ತು ವರ್ಷ ಹಿಡೀಬಹುದು. ಆದ್ರೆ ಇನ್ನು ಮಷಿನ್ ಮಾತ್ರ ಇಳಿಸ್ಬೇಡಿ. ಇದೂ ಹೋದ್ರೆ ಮತ್ತೆ ಇಲ್ಲಿ ಕೆರೆ ಇಲ್ಲ.” ಜೇಡಿಯನ್ನು ಬೆರಳಲ್ಲಿ ಹೊಸಕುತ್ತ ಕೇಳಿದರು, “ತಳಕ್ಕೆ ಗುರುತು ಅಂತ ಇಡದೆ ಇರ್ತಿರ್ಲಿಲ್ಲ ಹಳಬರು. ಅಗೆಯುವಾಗ ಕಲ್ಲೇನಾದ್ರೂ ಸಿಕ್ಕಿತ್ತಾ?”

ಹತ್ತು ಮಾರು ದೂರದಲ್ಲಿ ಗುಡಿಯ ಗಂಟೆ ಹೊಡೆಯುತ್ತಿತ್ತು. “ಇಲ್ಲ” ಎಂದೆ. ಥೂ, ನನ್ನ ಬಾಯಿಗಿಷ್ಟು.

ಮಾರ್ಚ್ ಕೊನೆಯಲ್ಲಿ ಸಮಿತಿ ಸೇರಿತು. ಪಶ್ಚಿಮದ ಅರ್ಧ ಅಗೆಯದೇ ಬಿಟ್ಟದ್ದಕ್ಕೆ ಚೌಡಿ ಮುನಿದಿದ್ದಾಳೆ, ಅವಳು ಪೂರ್ತಿ ಅಗೆಯಲು ಹೇಳಿದ್ದಳು, ನಾವು ಅರ್ಧಕ್ಕೇ ಬಿಟ್ಟೆವು ಎಂದು ತೀರ್ಮಾನವಾಯಿತು. ನನ್ನ ಮಾತೇ ತಿರುಗಿ ನನ್ನ ಮನೆಯ ಜಗಲಿಗೆ ಬಂದು ಕೂತಿತ್ತು. ಒಳಗೆ ಕರೆದು ಶಿವರಾಮನಿಗೆ ಮಾವಯ್ಯ ಅಂದದ್ದು, ಜಯಕೀರ್ತಿಯವರು ಅಂದದ್ದು ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿದರು.

“ಯಾರ ಹತ್ರನೂ ಇದ್ನ ಆಡ್ಬೇಡ” ಎಂದರು. “ಏಳು ಬಾವಿ ಒಣಗಿವೆ. ನಮ್ಮನೆಯಿಂದ ಆಯ್ತು ಅಂತ ಗೊತ್ತಾದ್ರೆ ಊರಲ್ಲಿ ಇರ್ಲಿಕ್ಕೆ ಬಿಡ್ತಾರಾ?”

“ಉಳ್ದಿದ್ದಾದ್ರೂ ಉಳೀಲಿ ಅಲ್ದಾ ರೀ?”

“ನಾನ್ ತಲೆ ಎತ್ಕೊಂಡು ತಿರ್ಗಾಡೂದು ಬ್ಯಾಡ ಅಂತೀಯಾ?” ಎಂದವರು ಹೊರಗೆ ಹೋಗಿ ಸಮಿತಿಗೆ ಸರಿ ಎಂದುಬಿಟ್ಟರು.

ಮಷಿನ್ ಬಂದ ದಿನ ಬೆಳಿಗ್ಗೆ ಮಾವಯ್ಯನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಏರಿಗೆ ದಬ್ಬಿದೆ. ದಾರಿಯುದ್ದಕ್ಕೂ ಅವರ ಬೆನ್ನ ಹಿಂದೆ ಮಾತಾಡುತ್ತ ಹೋದೆ. “ತಪ್ಪಾಯ್ತು ಮಾವಯ್ಯ. ಅವತ್ತು ಹೇಳಿದ್ದನ್ನೇ ಇವತ್ತು ಒಂದೇ ಒಂದ್ಸಲ ಹೇಳಿ. ನಾನು ಸರಿಯಾಗಿ ಹೇಳ್ತೀನಿ.” ಅವರು ತಿರುಗಿ ನೋಡಲಿಲ್ಲ.

ಗುಡಿಯ ಮುಂದೆ ಪೂಜೆ ಆಗುತ್ತಿತ್ತು. ಜನರ ನಡುವೆ ಕುರ್ಚಿ ನಿಲ್ಲಿಸಿ ಕೂಗಿ ಹೇಳಿದೆ. ಅದು ಚೌಡಿಯಲ್ಲ, ಇದಕ್ಕಿಂತ ಆಳ ಬೇಡ ಎಂದು ಇಟ್ಟ ಗುರುತಿನ ಕಲ್ಲು. ಮಾವಯ್ಯ ಸಾಕು ಅಂದಿದ್ದರು, ಅಗೀರಿ ಅಂದವಳು ನಾನು. ನಮ್ಮ ಗದ್ದೆಗೆ ನೀರು ಬರಲಿ ಎಂಬ ಆಸೆಗೆ ಅಂದೆ.

ಆಗ ಮಾವಯ್ಯನ ಕೈ ಬಂತು. ಹನ್ನೆರಡು ತಿಂಗಳ ಮೇಲೆ ಮೊದಲ ಸಲ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಒತ್ತಿದರು. ಶಕ್ತಿಯೇ ಇರಲಿಲ್ಲ ಆ ಕೈಯಲ್ಲಿ, ಆದರೂ ಬಿಡದೆ ಒತ್ತಿದರು.

“ನೋಡಿ, ನೋಡಿ! ಸಾಕು ಅಂತಿದಾರೆ” ಎಂದು ಕಿರುಚಿದೆ.

ಪೂರ್ಣೇಶ ಮುಂದೆ ಬಂದ. ಅವನ ಹೆಂಡತಿ ತುಂಬಿದ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಪಕ್ಕದಲ್ಲೇ ಕೂತಿದ್ದಳು. “ಅವತ್ತೂ ಇದೇ ಕೈ ಸುಚಿತ್ರಕ್ಕ, ಹಿಂಗೇ ಒತ್ತಿದ್ರು. ನಾವೆಲ್ಲ ನೋಡಿದೀವಿ. ಅವತ್ತು ಅಗೀರಿ ಅಂದ್ರಿ, ಇವತ್ತು ಬೇಡ ಅಂತೀರಿ. ನಾವು ಯಾವ್ದನ್ನ ನಂಬಬೇಕು?”

ಯಾವತ್ತೂ ಮಾತಿಗೆ ಸೋಲದವಳು ನಾನು. ಶಿವರಾಮನ ಕಡೆ ನೋಡಿದೆ. ಅವರೊಬ್ಬರು ಹೌದು ಅಂದಿದ್ದರೆ ಸಾಕಿತ್ತು.

“ಅಪ್ಪನ ಚಾಕರಿ ಮಾಡಿ ಮಾಡಿ ಇವ್ಳಿಗೆ ನಿದ್ದೆ ಇಲ್ಲ. ಮನಸ್ಸಿಗೆ ಹಚ್ಕೊಂಡಾಳೆ” ಎಂದರು ಅವರು, ಶಾಲು ಸರಿಮಾಡಿಕೊಳ್ಳುತ್ತ. “ಶುರು ಮಾಡಿ.”

ಕೆರಿಯಮ್ಮಜ್ಜಿ ನನ್ನ ಬೆನ್ನು ಸವರಿದಳು. “ಇರ್ಲಿ ಮಗಾ, ತಾಯಿ ಮುನ್ಸ್ಕಣಲ್ಲ. ಬೆಳ್ಳಪ್ಪ ಆಶೀರ್ವಾದ ಮಾಡ್ತಾವ್ನೆ, ನೋಡು” ಎಂದು ಮಾವಯ್ಯನ ಕಾಲಿಗೆ ಅಡ್ಡಬಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಆ ಕಾಲು ಮುಟ್ಟಿದರು. ಕಾಯಿ ಒಡೆಯಿತು. ಮಷಿನ್ ಪಶ್ಚಿಮದ ಕಡೆ ಇಳಿಯಿತು.

ನಾನು ಕುರ್ಚಿಯ ಪಕ್ಕ ನೆಲಕ್ಕೆ ಕೂತೆ. ಮಾವಯ್ಯ ಕೈ ಬಿಟ್ಟಿರಲಿಲ್ಲ. ಬಕೆಟ್ ಒಂದೊಂದು ಸಲ ಮೇಲೆದ್ದಾಗಲೂ ನನ್ನ ಮಣಿಕಟ್ಟು ಒತ್ತಿದರು. ಮೊದಲು ಕರಿ ಹೂಳು ಬಂತು, ಒತ್ತಿದರು. ನೀಲಿ ಜೇಡಿ ಬಂತು, ಒತ್ತಿದರು. ಒಂದು ಬಕೆಟ್, ಎರಡು, ಹತ್ತು. “ಗೊತ್ತಾಯ್ತು ಮಾವಯ್ಯ, ಗೊತ್ತಾಯ್ತು” ಎನ್ನುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನಲ್ಲಿ ಕೆಂಪು ಮಣ್ಣು ಬಂತು. ಆಗ ಮಾವಯ್ಯ ಕೈ ತೆಗೆದರು.